ಹಿಂದಿನ ಅಚ್ಚಿನಿಂದ ತೊಟ್ಟಿಕ್ಕಿದ ಎಣ್ಣೆ

ಆಗೆಲ್ಲ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ರಟ್ಟು ನೋಡುವುದರಿಂದ. ಬೇರೆ ಮಕ್ಕಳು ಎದ್ದು ಹಲ್ಲುಜ್ಜಿದರೆ, ನಾನು ಎದ್ದವಳೇ ಬೀದಿಗೆ ಓಡಿ, ಅಪ್ಪನ ಹಳೇ ಪಿಕಪ್ ವಂಡಿಯ ಹಿಂದಿನ ಅಚ್ಚಿನ ಕೆಳಗೆ ಹಾಸಿದ್ದ ರಟ್ಟನ್ನು ಎಳೆದು, ಎಷ್ಟು ಎಣ್ಣೆ ಸೋರಿದೆ ಅಂತ ನೋಡಬೇಕಿತ್ತು. ವಂಡಿ ಅಂತಲೇ ನಾವು ಅನ್ನುತ್ತಿದ್ದದ್ದು. ಚಾಮರಾಜನಗರದ ಕಡೆಯಿಂದ ಬಂದು ಪಲ್ಲಾವರಂನಲ್ಲಿ ಬೇರುಬಿಟ್ಟ ಸಂಸಾರ ನಮ್ಮದು. ಗಾಡಿ ಅನ್ನುವ ಮಾತು ಊರಲ್ಲೇ ಉಳಿದುಬಿಟ್ಟಿತ್ತು. ನಾನಂತೂ ಅವ್ವ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಟ್ಟು ಬೈಸಿಕೊಳ್ಳುವವಳು.

ಆ ಎಣ್ಣೆಯ ನಾತ ಇವತ್ತಿಗೂ ಮೂಗಿನಲ್ಲಿದೆ. ಕೊಳೆತ ಬೆಳ್ಳುಳ್ಳಿಯಂಥ ನಾತ. ಅಪ್ಪನ ಅಂಗಿಗೆ, ಅವ್ವ ಬಟ್ಟೆ ನೆನೆಸುವ ಬಕೆಟ್ಟಿಗೆ, ನನ್ನ ಸ್ಕೂಲ್ ಬ್ಯಾಗಿಗೆ, ಎಲ್ಲಕ್ಕೂ ಹತ್ತಿಬಿಟ್ಟಿತ್ತು.

“ಎಷ್ಟು ಬಿದ್ದದೆ ಮಗಾ?” ಅಂತ ಅಪ್ಪ ಒಳಗಿನಿಂದಲೇ ಕೂಗುತ್ತಿದ್ದ.

“ವಸಿ ಕಮ್ಮಿ ಅಪ್ಪಾ.”

ಕಮ್ಮಿ ಎಲ್ಲಿಂದ ಬಂತು! ಅಪ್ಪ ಹೊರಗೆ ಬಂದು ನೋಡಿ ತಲೆ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ಅವ್ವ ತಂದಿಟ್ಟ ಕಾಫಿ ಕೆನೆಗಟ್ಟುತ್ತಿತ್ತು.

ಶುಕ್ರವಾರದ ಸಂತೆಗೆ ಹೂಗಿಡ, ಹಳೇ ಬೀರು, ಮಂಚ ಹೊತ್ತು ತರುವುದು ಆ ವಂಡಿಯ ಕೆಲಸ. ನಾವು ಮೂವರೂ ಅದರ ಮೇಲೇ ಬದುಕಿದ್ದವರು. ಆ ವರ್ಷ ಆಯುಧಪೂಜೆ ಕಳೆದ ಮೇಲೆ ಸೋರಲು ಶುರುವಾಗಿತ್ತು, ಎಫ್‌ಸಿ ಬೇರೆ ಹತ್ತಿರ ಬಂದಿತ್ತು. ಬಾಡಿಗೆ ವಂಡಿಗಳನ್ನೆಲ್ಲ ಸರ್ಕಾರದ ಇನ್‌ಸ್ಪೆಕ್ಟರಿಗೆ ತೋರಿಸಿ, ರಸ್ತೆಯಲ್ಲಿ ಓಡಬಹುದು ಅಂತ ಬರೆಸಿಕೊಳ್ಳುವುದಕ್ಕೆ ಎಫ್‌ಸಿ ಅನ್ನುತ್ತಾರೆ. ಎಣ್ಣೆ ಸೋರುವ ವಂಡಿಗೆ ಯಾರು ಬರೆದುಕೊಡುತ್ತಾರೆ?

“ಎಫ್‌ಸಿ ಆಗ್ನಿಲ್ಲ ಅಂದ್ರೆ ವಂಡಿ ಮೂಲೆಗೆ,” ಅಂತ ಒಂದು ದಿನ ಅಪ್ಪ ಅವ್ವನಿಗೆ ಹೇಳಿದ. “ನಾನು ಯಾವುದಾರ ಲಾರಿಗೆ ಡ್ರೈವರಾಗಿ ಹೊಂಟೋಯ್ತೀನಿ. ನೀನು ಮಗೀನ ಕರ್ಕೊಂಡು ಊರಿಗೆ ಹೋಗ್ಬುಡು.”

“ಊರಲ್ಲಿ ಯಾರವ್ರೆ ನಂಗೆ?” ಅಂದಳು ಅವ್ವ. ನಾನು ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಅತ್ತೆ. ನನ್ನ ಸ್ಕೂಲು, ನನ್ನ ಬೀದಿ, ನನ್ನ ಅಪ್ಪ, ಎಲ್ಲಾ ಆ ಹಾಳು ಎಣ್ಣೆಯ ಜೊತೆ ಹನಿಹನಿಯಾಗಿ ಹೋಗುತ್ತಿತ್ತು.

ವಂಡಿ ನೋಡುತ್ತಿದ್ದವನು ಏಳುಮಲೈ ಮಾಮ. ಪಕ್ಕದ ಬೀದಿಯ ಮೆಕ್ಯಾನಿಕ್, ಅಪ್ಪನ ಜೀವದ ಗೆಳೆಯ. ಅಪ್ಪನೂ ಅವನೂ ಮಾತಾಡುತ್ತಿದ್ದದ್ದು ತಮಿಳಿನಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಮೊದಲನೇ ಸಲ ಅವನು ಬಂದು ಅವ್ವನ ಫೇಸ್ ಪೌಡರ್ ಡಬ್ಬಿ ಕೇಳಿದ. ಅಚ್ಚಿನ ನಡುವಿನ ಗುಂಡನೆ ಡಬ್ಬಿಯನ್ನು, ಅಂದರೆ ಚಕ್ರ ತಿರುಗಿಸುವ ಹಲ್ಲುಗಾಲಿಗಳಿರುವ ಕ್ರೌನನ್ನು, ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಮೇಲೆಲ್ಲ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿಕೊಂಡು ಬಂದ. ಬೆಳ್ಳಗಿನ ಪೌಡರಿನ ಮೇಲೆ, ಇಂಜಿನ್ನಿನಿಂದ ಬರುವ ಉದ್ದನೆ ಶಾಫ್ಟು ಕ್ರೌನಿಗೆ ಸೇರುವ ಜಾಗದಲ್ಲಿ, ಎಣ್ಣೆ ಒದ್ದೆಯಾಗಿ ಹರಿದಿತ್ತು. ಅಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲು ಹೋಗಿದೆ ಅಂತ ಹೊಸ ಸೀಲು ಹಾಕಿದ. ಮತ್ತೆ ಸೋರಿತು. ಇನ್ನೊಂದು ಹಾಕಿದ. ಅದೂ ಸೋರಿತು.

“ಹೊಸ ಸೀಲು ಯಾಕೆ ಎಣ್ಣೆ ಬಿಡ್ತಿದೆ ಅಂತ ನಂಗೂ ತಿಳೀತಿಲ್ಲ. ವಂಡಿ ನನ್ ಹತ್ರ ಬಿಟ್ಟೋಗು, ನಿಧಾನವಾಗಿ ನೋಡ್ತೀನಿ,” ಅಂದ.

ನಿಧಾನ ಅನ್ನುವ ಮಾತು ಅಪ್ಪನಿಗೆ ಬೆಂಕಿ ಹಚ್ಚಿದಂತಾಯಿತು. ಶೆಡ್ಡಿನ ಮುಂದೆ, ಹತ್ತು ಜನರ ಎದುರಿಗೆ ಕೂಗಿದ: “ನನ್ ಮನೆ ಅನ್ನ ತಿಂದು ನಂಗೇ ಹಳೇ ಸೀಲು ಹಾಕ್ತೀಯೇನೋ?”

ಏಳುಮಲೈ ಮಾಮ ಕೈಯೊರೆಸಿಕೊಂಡು, ನಡುಮಧ್ಯಾಹ್ನವೇ ಶೆಡ್ಡಿನ ಬಾಗಿಲೆಳೆದು ಹೊರಟುಹೋದ.

ಅಪ್ಪ ವಂಡಿಯನ್ನು ತಾಂಬರಂ ಕಡೆಯ ಇನ್ನೊಂದು ಶೆಡ್ಡಿಗೆ ಒಯ್ದ. ಅವರು ಶಾಫ್ಟು ಬಿಚ್ಚಿ, ಸೀಲು ಬದಲಾಯಿಸಿ, ಗಡಿಬಿಡಿಯಲ್ಲಿ ಜೋಡಿಸಿ ಕಳಿಸಿದರು. ಸೋರುವುದಂತೂ ನಿಲ್ಲಲಿಲ್ಲ. ಸಾಲದ್ದಕ್ಕೆ ವಂಡಿ ನಡುಗಲು ಶುರುಮಾಡಿತು. ಮೆಲ್ಲಗೆ ಹೋದರೆ ಸುಮ್ಮನಿರುವುದು. ವೇಗ ಏರಿತೋ, ಗಡಗಡ ಅಂತ ಅಲ್ಲಾಡುವುದು. ಅಪ್ಪ ನನ್ನನ್ನು ಹಿಂದೆ ಕೂರಿಸಿ, ಅಂಗೈ ತಗಡಿಗೆ ಊರಿಕೊಂಡು ನಡುಕ ಎಲ್ಲಿ ಜಾಸ್ತಿ ಅಂತ ಕೂಗಿ ಹೇಳು ಅಂದ. ರೇಡಿಯಲ್ ರೋಡಿನಲ್ಲಿ ಹೊರಟೆವು. ನಡುಕ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಹಲ್ಲಿಗೆ ಏರಿತು. “ನಡುವೆ ಅಪ್ಪಾ! ನಡುವೆ!” ಅಂತ ಕಿರುಚಿದೆ. ಅಪ್ಪ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಹತ್ತಿರ ಹೋಗಲೂ ಭಯವಾಗಿ ಹಿಂದೆಯೇ ಕೂತಿದ್ದೆ.

ಮನೆ ಮುಂದೆ ನಿಲ್ಲಿಸಿದವನೇ, ಇದ್ದ ಎಣ್ಣೆಯೂ ಖಾಲಿಯಾಗಿ ಕ್ರೌನು ಉರಿದುಹೋದೀತೆಂದು ಎಣ್ಣೆ ತುಂಬಲು ಕೂತ. ವಂಡಿ ಇನ್ನೂ ಸುಡುತ್ತಿತ್ತು. ಸ್ಪ್ಯಾನರಿನಲ್ಲಿ ಬಿರಡೆ ತಿರುಗಿಸಿದ್ದೇ ತಡ, ಉಸ್ಸ್ ಅಂತ ಗಾಳಿ ಹೊರನುಗ್ಗಿ, ಎಣ್ಣೆ ಅಪ್ಪನ ಮುಖಕ್ಕೆ ಚಿಮ್ಮಿತು. ಸೆರಗಿನಿಂದ ಒರೆಸಲು ಹೋದ ಅವ್ವ ಅಲ್ಲೇ ನಿಂತಳು.

“ರೀ, ಇದು ಕುಕ್ಕರ್ ಇದ್ದಂಗದೆ.”

“ಸುಮ್ಕಿರಮ್ಮಿ, ನಿಂದೊಂದು.”

“ನಾನೇಳೋದು ಕೇಳಿ. ಕುಕ್ಕರಿನ ತೂತಿಗೆ ಬ್ಯಾಳೆ ಕಟ್ಕೊಂಡ್ರೆ ಏನಾಯ್ತದೆ? ಹೊಸ ಗ್ಯಾಸ್ಕೆಟ್ ಹಾಕುದ್ರೂ ಪಕ್ಕದಲ್ಲೇ ಉಕ್ತದೆ. ಇದುಕ್ಕೂ ಗಾಳಿ ಬುಡೋ ತೂತು ಎಲ್ಲಾರ ಇರ್ಬೇಕಲ್ವಾ?”

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ವಂಡಿಯ ಕೆಳಗೆ ನುಗ್ಗಿ ಅಚ್ಚಿನ ಮೇಲ್ಭಾಗವನ್ನೆಲ್ಲ ಬೆರಳಿನಿಂದ ತಡವಿದ. ಗಾಳಿ ಹೋಗಲೆಂದೇ ಇಟ್ಟ ಚಿಕ್ಕ ಮೂತಿ ಸಿಕ್ಕಿತು. ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೊಟ್ಟಳು. ಚುಚ್ಚಿ ಎಳೆದರೆ ಕಪ್ಪು ಪೇಂಟಿನ ಗಟ್ಟಿ ಉಂಡೆ ಈಚೆಗೆ ಬಂತು.

ಅವ್ವ ಕುಸಿದು ಕೂತಳು. ಆಯುಧಪೂಜೆಗೂ ಆಯಿತು, ಎಫ್‌ಸಿಗೂ ಆಯಿತು ಅಂತ, ಗೇಟಿಗೆ ತಂದ ಪೇಂಟಿನಲ್ಲಿ ಉಳಿದದ್ದನ್ನು ವಂಡಿಯ ಕೆಳಭಾಗಕ್ಕೆಲ್ಲ ಬಳಿದವಳು ಅವಳೇ. ಅಂಗಾತ ಮಲಗಿ, ತಲೆಗೂದಲಿಗೆಲ್ಲ ಪೇಂಟ್ ಮಾಡಿಕೊಂಡು, “ಹೆಂಗದೆ ನೋಡು ನಮ್ ವಂಡಿ, ಮದ್ವೆ ಹೆಣ್ಣು” ಅಂತ ನಕ್ಕಿದ್ದಳು.

“ನಾನೇ ಕೈಯಾರ ಮುಚ್ಚುದ್ನಲ್ರೀ,” ಅಂದಳು.

ಅಪ್ಪ ಅವಳನ್ನು ಬೈಯಲಿಲ್ಲ. “ಏಳುಮಲೈ ಹಾಕಿದ್ದು ಹೊಸ ಸೀಲೇ,” ಅಂದ. ಅಷ್ಟೇ ಅಂದದ್ದು.

ಸೋರುವುದು ನಿಂತರೂ ನಡುಕ ಹೋಗಲಿಲ್ಲ. ಎಫ್‌ಸಿಗೆ ನಾಳೆಯೊಂದೇ ಉಳಿದಿತ್ತು. ಮೂವರೂ ವಂಡಿಯಲ್ಲೇ ಏಳುಮಲೈ ಮಾಮನ ಶೆಡ್ಡಿಗೆ ಹೋದೆವು. ಅಪ್ಪ ಇಳಿದು ಕೈಮುಗಿದ. ಅವ್ವ ಪೇಂಟಿನ ಕಥೆಯನ್ನೆಲ್ಲ ತನ್ನ ಮುರುಕು ತಮಿಳಿನಲ್ಲಿ ಅಳುತ್ತ ಹೇಳಿದಳು. ಮಾಮ ಕೇಳಿಸಿಕೊಂಡ. ವಂಡಿಯ ಕೆಳಗೆ ಸರಿದು, ಸೀಮೆಎಣ್ಣೆಯ ಬಟ್ಟೆಯಿಂದ ಶಾಫ್ಟನ್ನು ಉಜ್ಜಿದ. ಪೇಂಟು ಬಿಟ್ಟಂತೆ, ಶಾಫ್ಟಿನ ಎರಡು ತುಂಡು ಕೂಡುವಲ್ಲಿ, ಒಂದೊಂದು ತುಂಡಿನ ಮೇಲೂ ಒಂದೊಂದು ಬಾಣದ ಗುರುತು ಕಂಡಿತು. ಎದುರುಬದುರು ಕೂಡಬೇಕಾದ ಬಾಣಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಗುರುತು ಕಾಣದೆ ತಾಂಬರಂನವರು ಹೇಗೋ ತುರುಕಿದ್ದರು. ಮಾಮ ಬಿಚ್ಚಿ, ಬಾಣಕ್ಕೆ ಬಾಣ ಕೂಡಿಸಿ, ಬಿಗಿದ. ಓಡಿಸಿ ನೋಡಿದರೆ ವಂಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ನಾನು ಕುಣಿದಾಡಿಬಿಟ್ಟೆ.

ಅಪ್ಪ ಅವನ ಎರಡೂ ಕೈ ಹಿಡಿದುಕೊಂಡ. ಮಾಮ ಮೆಲ್ಲಗೆ ಬಿಡಿಸಿಕೊಂಡ.

“ವಂಡಿ ಸರಿಯಾಗಿದೆ. ಮಗಳ ಸ್ಕೂಲು ತಪ್ಪಿಸಬೇಡ,” ಅಂದ. “ಇನ್ನು ಮೇಲೆ ಬೇರೆ ಕಡೆ ತೋರಿಸ್ಕೋ.”

ಎಫ್‌ಸಿ ಆಯಿತು. ನಾವು ಊರಿಗೆ ಹೋಗಲಿಲ್ಲ. ನಾನು ಅದೇ ಸ್ಕೂಲಿನಲ್ಲಿ ಓದಿದೆ, ಈಗ ಪೆರುಂಗುಡಿಯಲ್ಲಿ ಕೆಲಸ, ವೆಸ್ಟ್ ಮಾಂಬಲಂನಲ್ಲಿ ಮನೆ. ಅಪ್ಪ ಅವ್ವ ನನ್ನ ಜೊತೆಗೇ ಇದ್ದಾರೆ. ಏಳುಮಲೈ ಮಾಮ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಹಬ್ಬಹಬ್ಬಕ್ಕೂ ಹೋಗಿ ಕರೆದ. ಒಂದು ಸಲ ಹೋದಾಗ ಶೆಡ್ಡಿನ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಎಲ್ಲಿಗೆ ಹೋದನೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ ಅಂದ: “ಆವತ್ತು ವಂಡಿ ಹೋಗಿ ಏಳುಮಲೈ ಉಳ್ಕೊಂಡಿದ್ರೆ ಚೆಂದಾಗಿತ್ತು ಕಣ್ ಮಗಾ. ಊರಲ್ಲಿ ಹೆಂಗೋ ಬದುಕ್ತಿದ್ದೊ.”

ನನಗೆ ರೇಗಿಹೋಯಿತು. ನನ್ನ ಓದು, ನನ್ನ ಕೆಲಸ, ಈ ಮನೆ, ಇದೆಲ್ಲಾ ಬೇಡವಾಗಿತ್ತೇನು ಇವನಿಗೆ? ಕೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಅಪ್ಪ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಕೈತೊಳೆಯಲು ಹೋಗಿದ್ದ.