ಕೇಬಲ್ ಮೇಲೆ ಗೆಣಸು

ಅಕ್ಕನ ಮನೆಯ ಗೆಣಸಿನ ಮಾತು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಖಾನಾಪುರದಿಂದ ಕಣಕುಂಬಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ಸುತ್ತ ಮರಗಳು ಎಷ್ಟು ದಟ್ಟವೆಂದರೆ ಮನೆಯ ಮೇಲೆ ಡಿಶ್ ಇಟ್ಟರೆ ಟಿವಿಯಲ್ಲಿ ಚಿತ್ರವೇ ಬರುವುದಿಲ್ಲ. ಆಕಾಶ ಸರಿಯಾಗಿ ಕಾಣುವುದು ಮೇಲಿನ ಹೊಲದಲ್ಲಿ ಮಾತ್ರ. ಅಲ್ಲಿ ಡಿಶ್ ನಿಲ್ಲಿಸಿ, ಮರದಿಂದ ಮರಕ್ಕೆ ಕೇಬಲ್ ಎಳೆಸಿದರೆ ಮಂಗಗಳು ಜೋತಾಡಿ ಹರಿದು ಹಾಕಿದವು. ನೆಲದಲ್ಲಿ ಹೂಳದೆ ಗತಿಯಿರಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಸಂಜೆಯ ಒಂದು ಧಾರಾವಾಹಿ. ದನ, ಒಲೆ, ಹೊಲ ಎಲ್ಲ ಮುಗಿಸಿ ಅವಳು ಕಾಲು ಚಾಚಿ ಕೂರುತ್ತಿದ್ದದ್ದು ಆ ಅರ್ಧ ತಾಸು. ಧಾರಾವಾಹಿ ಏನು ದೊಡ್ಡ ವಿಷಯ ಎನ್ನುವವರು ಒಂದು ದಿನ ಅವಳ ಕೊಟ್ಟಿಗೆ ಬಳಿದು ನೋಡಲಿ.

ನಾನಿರುವುದು ಬೆಳಗಾವಿಯ ಖಾಸಬಾಗದಲ್ಲಿ. ನೆಲದಲ್ಲಿ ಹೂಳುವ ದಪ್ಪ ಕೇಬಲ್ಲು, ಅದಕ್ಕೊಂದು ಕಪ್ಪು ಪೈಪಿನ ಸುರುಳಿ ಕೊಂಡು, ಬಸ್ಸಿನಲ್ಲಿ ಕಂಡಕ್ಟರನ ಕೂಡ ಜಗಳವಾಡಿ ಒಯ್ದೆ. ಬೇಸಿಗೆಯ ಗಟ್ಟಿ ನೆಲವನ್ನು ಅಗೆದವರು ಅಕ್ಕ ಮತ್ತು ನಾನು. ಭಾವನವರು ಕಟ್ಟೆಯ ಮೇಲೆ ಕೂತು, ಇನ್ನೂ ಸ್ವಲ್ಪ ಆಳ ಬೇಕೆಂದು ಸಲಹೆ ಕೊಟ್ಟರು. ಅಂಗೈ ತುಂಬ ಬೊಬ್ಬೆ ಎದ್ದರೂ ಸಂಜೆ ಚಿತ್ರ ಬಂತು. ಅಕ್ಕ ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಮಳೆಗಾಲದಲ್ಲಿ ಭಾವನವರು ಆ ಸಡಿಲ ಮಣ್ಣಿನ ಉದ್ದಕ್ಕೂ, ಹೊಲದಿಂದ ಮನೆಯವರೆಗೆ, ಗೆಣಸಿನ ಬಳ್ಳಿ ಹಚ್ಚಿಬಿಟ್ಟರು. ಯಾರನ್ನೂ ಕೇಳಲಿಲ್ಲ. ಗೆಡ್ಡೆ ಬಲಿತ ಮೇಲೆ ಕಾಡುಹಂದಿಗಳು ಬಿಡುತ್ತವೆಯೇ? ಇಡೀ ಸಾಲನ್ನು ಮೂತಿಯಿಂದ ಕೆದರಿ, ಪೈಪು ಮುರಿದು, ಕೇಬಲ್ ಕಿತ್ತೆಸೆದವು. ನಾನು ಹೋದಾಗ ಅಕ್ಕ ಟಿವಿಗೆ ಬಟ್ಟೆ ಹೊದಿಸಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಭಾವನವರನ್ನು ಕೇಳಿಯೇಬಿಟ್ಟೆ, ಯಾಕೆ ಹೀಗೆ ಮಾಡಿದಿರಿ ಎಂದು.

"ಹದಾ ಆದ ಮಣ್ಣ ಐತಿ. ಖಾಲಿ ಬಿಡಾಕ ಮನಸ್ಸ ಆಗಲಿಲ್ಲ," ಎಂದರು.

ಹದ ಮಾಡಿದವರು ಯಾರು? ಒಂದು ಮಾತು ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ? ಹಂದಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವು ಹೊಟ್ಟೆಗಾಗಿ ಬಂದವು. ನಾನು ದನಿ ಏರಿಸಿದೆ. ಮುಂದಿನ ಬೇಸಿಗೆಯಲ್ಲಿ ನೋಡಿದರಾಯಿತು, ಅವಸರವೇನು ಎಂದು ಅವರು ತಾಟು ಮುಂದೆ ಎಳೆದುಕೊಂಡರು.

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು.

"ನಾ ಈ ಮನಿಗೆ ಬಂದಾಗಿಂದ ನನ್ನದಂತ ಏನರ ಖಾಲಿ ಬಿಟ್ಟೀರೇನ್ರಿ? ಅರ್ಧಾ ತಾಸ ಇತ್ತ. ಅದರಾಗೂ ಗೆಣಸ ಹಚ್ಚಿದ್ರಿ."

ಬಾಗಿಲ ಹಿಂದಿನ ಗುದ್ದಲಿ ತಂದು ಅವರ ತಾಟಿನ ಬಾಜು ಇಟ್ಟಳು. ಊಟ ಬಡಿಸಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ನೀರು ಕುಡಿಯುತ್ತ ಕೂತೆ. ಭಾವನವರು ಎದ್ದು, ಗುದ್ದಲಿ ಹಿಡಿದುಕೊಂಡು ಮೇಲಿನ ಹೊಲದ ಕಡೆ ನಡೆದರು.

ಅಕ್ಕ ನನಗೆ ರೊಟ್ಟಿ ಬಡಿಸಿದಳು.