ಅಂಬುಜಾ ಟೀ ರೂಮಿನ ನಾಲಿಗೆ: ಶ್ರೀಮತಿ ಶಿವನಂಜಮ್ಮನವರು

ಬೆಳಗಾದರೆ ಡಿಕಾಕ್ಷನ್ನಿನ ಘಮಕ್ಕೇ ಕಣ್ಣು ಬಿಡುವ ಮೈಸೂರಿನಲ್ಲಿ ಟೀ ರೂಮೊಂದನ್ನು ತೆರೆದು, ಮೂರು ತಲೆಮಾರು ನಡೆಸಿ, ಕಾಫಿ ಕುಡಿಯುವವರ ಬಾಯಲ್ಲೇ ‘ಟೀ ಪುಡಿ ಅಂದ್ರೆ ಅಂಬುಜಾ ಪುಡಿ’ ಎನ್ನಿಸಿಕೊಳ್ಳುವುದು ಸಾಮಾನ್ಯ ಸಂಗತಿಯಲ್ಲ. ಆ ಹೆಗ್ಗಳಿಕೆಯಲ್ಲಿ ಮನೆತನದವರ ಪಾಲೆಷ್ಟೋ ಶಿವನಂಜಮ್ಮನವರ ಪಾಲೂ ಅಷ್ಟೇ. ನಲವತ್ತು ವರ್ಷ ಪುಡಿಯನ್ನು ಜರಡಿ ಹಿಡಿದು, ರುಚಿ ನೋಡಿ, ಹದ ಕೂಡಿಸಿ, ಅರವತ್ತು ತುಂಬಿ ನಿವೃತ್ತರಾಗುತ್ತಿರುವ ಅವರ ಬಗ್ಗೆ, ಜೊತೆಯಲ್ಲಿ ದುಡಿದ ನಾವು ನಾಲ್ಕು ಒಳ್ಳೆಯ ಮಾತು ಬರೆಯುವುದು ಸುಲಭ. ಆದರೆ ಬರೀ ಹೊಗಳಿದರೆ ‘ಇದೇನ್ರೀ, ಬರೀ ಸಕ್ಕರೆ ಸುರ್ದಿದ್ದೀರಿ, ಪುಡಿ ಎಲ್ಲಿ?’ ಎಂದು ಕೇಳುವ ಹೆಂಗಸು ಆಕೆ. ಆದ್ದರಿಂದ ಅವರು ಮಾಡಿದ ಒಂದು ತಪ್ಪನ್ನೂ ಇಲ್ಲಿ ಮುಚ್ಚಿಡದೆ ಹೇಳಬೇಕಾಗಿದೆ.

ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ವಾಗೀಶಯ್ಯನವರು ಶಿವರಾಂಪೇಟೆಯಲ್ಲಿ ಮಡದಿ ಅಂಬುಜಮ್ಮನವರ ಹೆಸರಿನಲ್ಲಿ ಟೀ ರೂಮ್ ತೆರೆದಾಗ ನೆಂಟರಿಷ್ಟರೆಲ್ಲ ನಕ್ಕಿದ್ದರಂತೆ. ನಕ್ಕವರು ಕುಡಿಯಲು ಬಂದರು, ಕುಡಿದವರು ಪುಡಿಯನ್ನೂ ಕೇಳಿದರು. ನೀಲಗಿರಿಯ ಪರಿಮಳದ ಎಲೆಗೆ ಅಸ್ಸಾಮಿನ ಕಡಕ್ ಪುಡಿ ಬೆರೆಸಿ ಆ ಹದವನ್ನು ಕಂಡುಹಿಡಿದವರು ಅಂಬುಜಮ್ಮನವರೇ. ೧೯೮೫ರಲ್ಲಿ ಮಂಡಕಳ್ಳಿಯ ಒಕ್ಕಲುಮನೆಯಿಂದ ಇಪ್ಪತ್ತರ ಹರೆಯದ ಶಿವನಂಜಮ್ಮನವರು ಜರಡಿ ಹಿಡಿಯುವ ಕೆಲಸಕ್ಕೆ ಬಂದರು. ಬಂದ ಮೂರನೆಯ ವಾರ, ಹೊಲಿಗೆ ಬಿಚ್ಚದ ಮೂಟೆಯೊಂದರ ಮುಂದೆ ನಿಂತು, “ಇದು ಮುಗ್ಗಲು ಹಿಡಿದದೆ ಕಣ್ರವ್ವ” ಎಂದರಂತೆ. ಬಿಚ್ಚಿ ನೋಡಿದರೆ ನಿಜವೇ! ಮಾರನೆಯ ದಿನದಿಂದ ಅಂಬುಜಮ್ಮನವರು ಆಕೆಯನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

ಈ ವಿದ್ಯೆಗೆ ಒಂದು ವ್ರತವಿತ್ತು. ರುಚಿ ನೋಡುವ ದಿನ ಬೆಳಿಗ್ಗೆ ಉಪ್ಪು, ಹುಳಿ, ಖಾರ ಯಾವುದೂ ಬಾಯಿಗೆ ಸೋಕಬಾರದು, ಬರೀ ಗಂಜಿ. ಬಸ್ಸಾರೆಂದರೆ ಪ್ರಾಣ ಬಿಡುವ ಶಿವನಂಜಮ್ಮನವರು, ಮನೆಯಲ್ಲಿ ಒಗ್ಗರಣೆ ಸಿಡಿಯುವ ಮೊದಲೇ ಬಸ್ಸು ಹತ್ತಿಬಿಡುತ್ತಿದ್ದರು. ತಮಗೆ ಇಷ್ಟು ಕಟ್ಟುನಿಟ್ಟಾಗಿದ್ದವರು ಬೇರೆಯವರ ವಿಷಯದಲ್ಲಿ ಬೆಣ್ಣೆ. ಪ್ಯಾಕಿಂಗ್ ವಿಭಾಗದ ರಕ್ಷಿತಾ ಬಸುರಿಯಾಗಿ ಪುಡಿಯ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದಾಗ, ಆಕೆಯನ್ನು ಬಾಗಿಲ ಬಳಿ ಚೀಟಿ ಅಂಟಿಸಲು ಕೂರಿಸಿ, ನಾಲ್ಕು ತಿಂಗಳು ಆಕೆಯ ಪಾಲಿನ ಪೊಟ್ಟಣಗಳನ್ನು ಇವರೇ ಕಟ್ಟಿದರು. ಆ ವಿಷಯ ರಕ್ಷಿತಾ ಹೇಳುವವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅಂಬುಜಮ್ಮನವರು ತೀರಿಕೊಂಡ ಮೇಲೆ ಹದದ ಪೂರ್ತಿ ಹೊಣೆ ಶಿವನಂಜಮ್ಮನವರಿಗೇ ಬಂತು. ೨೦೧೯ರಲ್ಲಿ ಅಂಬುಜಮ್ಮನವರ ಮಗ, ಯಜಮಾನರಾದ ಸುದರ್ಶನ ಅವರು, ಪುಡಿ ಬೆರೆಸುವ ಕೆಲಸವನ್ನೆಲ್ಲ ಕಡಕೊಳದ ಹೊಸ ಶೆಡ್ಡಿಗೆ ಸಾಗಿಸಿದರು. ಟೀ ರೂಮ್ ಮಾತ್ರ ಶಿವರಾಂಪೇಟೆಯಲ್ಲೇ ಉಳಿಯಿತು. ಹೊಸ ಜಾಗದಲ್ಲಿ ಮೊದಲ ಸಲ ರುಚಿ ನೋಡಿದಾಗ ಶಿವನಂಜಮ್ಮನವರಿಗೆ ಟೀ ಸಪ್ಪೆಯೆನಿಸಿತು. ಅಸ್ಸಾಮಿನ ಪುಡಿಯ ಪಾಲು ಏರಿಸಿದರು. ಇನ್ನೂ ಸಪ್ಪೆ, ನಾಲಿಗೆಗೆ ಸರಿಯೆನಿಸುವವರೆಗೆ ಇನ್ನಷ್ಟು ಏರಿಸಿದರು. ಆ ಹದವೇ ಊರಿಗೆಲ್ಲ ಹೋಯಿತು.

ವಾರ ಕಳೆಯಲಿಲ್ಲ, ಟೀ ರೂಮಿನಲ್ಲಿ ಗುಸುಗುಸು ಶುರು. ಮೂವತ್ತು ವರ್ಷಗಳಿಂದ ಬರುತ್ತಿದ್ದ ಗಿರಾಕಿ, ಟಾಂಗಾ ಓಡಿಸುವ ನಿಂಗಯ್ಯನವರು ಮುಖ ಸಿಂಡರಿಸಿ, “ಏನವ್ವಾ ಇದು, ನೆಲ್ಲಿಕಾಯಿ ಅಗ್ದಂಗೆ ಒಗರು!” ಎಂದುಬಿಟ್ಟರು. ಶಿವನಂಜಮ್ಮನವರ ನಾಲಿಗೆ ಹೋಯಿತು ಎಂಬ ಮಾತು ಎಲ್ಲೆಡೆ ಹಬ್ಬಿತು. ಸುದರ್ಶನ ಅವರು ಸಂಕೋಚದಿಂದಲೇ, “ಕೂನೂರಿಂದ ರುಚಿ ನೋಡೋರು ಯಾರನ್ನಾದ್ರೂ ಕರೆಸೋಣ್ವಾ?” ಎಂದು ಕೇಳಿದರು. ಶಿವನಂಜಮ್ಮನವರು ಕೇಳಿದ್ದು ಮೂರು ದಿನದ ಗಡುವು.

ಆ ಮೂರು ದಿನ ಅವರು ಪಟ್ಟ ಸಂಕಟ ಅವರಿಗೇ ಗೊತ್ತು. ಹೊಲ ಅವರ ಹೆಸರಿನಲ್ಲಿರಲಿಲ್ಲ, ಓದು ಹತ್ತಿರ ಸುಳಿದಿರಲಿಲ್ಲ. ತಮ್ಮದೆಂದು ಇದ್ದದ್ದು ಈ ನಾಲಿಗೆಯೊಂದೇ, ಅದೂ ಕೈಕೊಟ್ಟರೆ ಏನು ಗತಿ? ಮೊದಲ ದಿನ ಶುಂಠಿ, ಜೀರಿಗೆ, ಬೆಲ್ಲವನ್ನು ಕಣ್ಣು ಮುಚ್ಚಿ ನೆಕ್ಕಿ ನೋಡಿದರು. ಎಲ್ಲವೂ ಸರಿಯಾಗಿಯೇ ತಿಳಿಯುತ್ತಿತ್ತು. ಎರಡನೆಯ ದಿನ ಕಡಕೊಳದ ಪುಡಿಯನ್ನು ಶಿವರಾಂಪೇಟೆಗೆ ಒಯ್ದು ಕಾಯಿಸಿದರು. ಅಲ್ಲಿ ಸರಿಯೆನಿಸಿದ್ದ ಹದವೇ ಇಲ್ಲಿ ಒಗರು. ಮೂರನೆಯ ದಿನ ಟೀ ರೂಮಿನ ನಲ್ಲಿಯಿಂದ ಒಂದು ಕ್ಯಾನ್ ಕಾವೇರಿ ನೀರು ತುಂಬಿಸಿಕೊಂಡು, ಕಂಕುಳಲ್ಲಿಟ್ಟುಕೊಂಡು ನಂಜನಗೂಡು ಬಸ್ಸು ಹತ್ತಿದರು. ಕಡಕೊಳದಲ್ಲಿ ಒಂದೇ ಪುಡಿಯನ್ನು ಎರಡು ಪಾತ್ರೆಯಲ್ಲಿ, ಕಾವೇರಿ ನೀರಿನಲ್ಲೊಂದು, ಶೆಡ್ಡಿನ ಬೋರ್‌ವೆಲ್ ನೀರಿನಲ್ಲೊಂದು, ಪಕ್ಕಪಕ್ಕ ಕಾಯಿಸಿದರು. ಬೋರ್‌ವೆಲ್ಲಿನ ಗಡಸು ನೀರಿಗೆ ಟೀ ಮಂಕಾಗಿತ್ತು. ನಾಲಿಗೆ ನೆಟ್ಟಗಿತ್ತು.

ಬೇರೆಯವರಾಗಿದ್ದರೆ ನೀರಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರೋ ಏನೋ. ಶಿವನಂಜಮ್ಮನವರು ಎಲ್ಲ ಕೆಲಸಗಾರರನ್ನೂ ಕರೆದು, “ತಪ್ಪು ನಂದೇ ಕಣ್ರಪ್ಪ. ನೀರು ನೋಡ್ದೆ ಪುಡಿ ಮೇಲೆ ಕೈ ಹಾಕ್ಬುಟ್ಟೆ” ಎಂದರು. ಸುದರ್ಶನ ಅವರು ತಲೆ ತಗ್ಗಿಸಿ, “ನಾನು ಕೂನೂರಿಗೆ ಫೋನೂ ಮಾಡಿಬಿಟ್ಟಿದ್ದೆ ಶಿವನಂಜಮ್ಮ. ನಿಮ್ಮನ್ನ ನಂಬಲಿಲ್ಲ” ಎಂದರು. “ಬುಡಿ ಯಜಮಾನ್ರೇ, ನಾನೇ ನಂಬಿರ್ನಿಲ್ಲ” ಎಂದರು ಆಕೆ. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಒಗರು ಪುಡಿಯ ಪೊಟ್ಟಣಗಳನ್ನು ವಾಪಸು ತರಲು ಶಿವನಂಜಮ್ಮನವರು ಅಂಗಡಿ ಅಂಗಡಿಗೆ ತಾವೇ ಹೋದರು. ತಮಾಷೆ ನೋಡಿ, ಊರ ಹೊರಗಿನ ಬಡಾವಣೆಗಳವರು ಪೊಟ್ಟಣ ಬಿಡಲೊಲ್ಲರು! “ಇಷ್ಟು ವರ್ಷಕ್ಕೆ ಈಗ ಟೀ ಕುಡ್ದಂಗಾಯ್ತು ಕಣ್ರೀ” ಎಂದರಂತೆ. ಅವರದೆಲ್ಲ ಬೋರ್‌ವೆಲ್ ನೀರು. ಅಂದಿನಿಂದ ಎರಡು ಹದಗಳಾದವು, ಇಂದಿಗೂ ಹೊಸ ಗಿರಾಕಿಯನ್ನು ನಮ್ಮ ಗಲ್ಲಾದಲ್ಲಿ ಮೊದಲು ಕೇಳುವುದು, “ಮನೇಲಿ ಯಾವ ನೀರು?” ಎಂದೇ.

ಇನ್ನು ಮುಂದೆ ಹದ ಕೂಡಿಸುವವಳು ಸುದರ್ಶನ ಅವರ ಮಗಳು ಮಾಲವಿಕಾ. ಆರು ವರ್ಷ ಅವಳಿಗೆ ಗಂಜಿ ಕುಡಿಸಿ ಕಲಿಸಿದ್ದಾರೆ. ಕಳೆದ ತಿಂಗಳು ಅವಳು ಇವರ ಕೈ ಹಿಡಿದುಕೊಂಡು, “ವಾರಕ್ಕೊಂದು ದಿನ ಬಂದು ಸುಮ್ನೆ ಕೂತ್ಕೊಳ್ಳಿ ಅಮ್ಮಾ. ನೀವಿಲ್ದೆ ನಂಗೆ ಧೈರ್ಯ ಸಾಲಲ್ಲ” ಎಂದಳು. ಬರಬೇಕೆಂಬ ಆಸೆ ಶಿವನಂಜಮ್ಮನವರಿಗೇನು ಕಡಿಮೆಯಿತ್ತೇ?

“ಬ್ಯಾಡ ಕಣವ್ವ,” ಎಂದರು. “ನಾನ್ ಬಂದ್ರೆ ನೀನು ನನ್ನ ಮುಖ ನೋಡ್ತೀಯ, ಲೋಟ ನೋಡಾಕಿಲ್ಲ. ನಮ್ಮ ನಾಲ್ಗೆನ ನಾವೇ ನಂಬ್ದೆ ಹೋದ್ರೆ ಎಂಗಾಯ್ತದೆ ಅಂತ ನಾನು ಮೂರ್ ದಿನ ನೋಡಿವ್ನಿ. ಅದು ನಿಂಗೆ ಬರ್ಬಾರ್ದು.”

ಹೀಗೆಂದು ಅವಳನ್ನು ತಮ್ಮ ಜಾಗದಲ್ಲಿ ಕೂರಿಸಿ, ಬಾಗಿಲೆಳೆದುಕೊಂಡು ಹೊರಗೆ ಬಂದರು. ಆ ತಿಂಗಳ ಪುಡಿಯ ರುಚಿ ಏನೆಂದು ತಿಳಿಯದೆ ಅವರು ಮನೆಗೆ ಹೋದದ್ದು ಅದೇ ಮೊದಲು.

ಮೊನ್ನೆ ಮಾಲವಿಕಾಳ ಹದ ಹೊರಬಂತು. ಶಿವನಂಜಮ್ಮನವರು ಶಿವರಾಂಪೇಟೆಯಲ್ಲಿ ಗಿರಾಕಿಗಳ ನಡುವೆ ಕುಳಿತು, ಒಂದು ಲೋಟ ಕುಡಿದು ಮುಗಿಸಿ, ಇನ್ನೊಂದು ಲೋಟ ತರಿಸಿಕೊಂಡರು. ತಾಯಿ ಚಾಮುಂಡೇಶ್ವರಿ ಅವರಿಗೆ ನೂರು ತುಂಬುವ ಆಯುಸ್ಸನ್ನೂ ಈ ನಾಲಿಗೆಯನ್ನೂ ಉಳಿಸಿಕೊಡಲಿ. ಅವರು ದಿನವೂ ಬರಲಿ, ಎರಡನೆಯ ಲೋಟ ಕೇಳಲಿ. ಕೇಳದ ದಿನ ಹದ ತಪ್ಪಿದೆ, ನಮಗೆ ಕೆಲಸವಿದೆ ಎಂದು ನಾವು ತಿಳಿದುಕೊಳ್ಳುತ್ತೇವೆ.