ದೊಡ್ಡಮ್ಮ ಬಳಿಸಿದ ಸುಣ್ಣ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಮನೆಯಲ್ಲಿ ಪುಸ್ತಕ ಹರವಿಕೊಳ್ಳಲು ಜಾಗವಿರಲಿಲ್ಲ. ಗುಬ್ಬಿಯ ಹಳೇ ಛತ್ರದ ಹಜಾರದಲ್ಲಿ ಕಲ್ಲುಕಂಬಕ್ಕೆ ಒರಗಿ ಓದಿದೆ. ಪಕ್ಕದ ಮನೆ ದೊಡ್ಡಮ್ಮನದು. ಛತ್ರದ ಬೀಗದ ಕೈ ಆಗಲೂ ಈಗಲೂ ಅವಳ ಸೆರಗಿನ ಗಂಟಿನಲ್ಲೇ ಇದೆ.

ಈಗಲೂ ಸಂಜೆ ಮಕ್ಕಳು ಅಲ್ಲಿ ಓದುತ್ತಾರೆ. ಆದರೆ ಮಾಳಿಗೆ ಸೋರಿ ಸೋರಿ ತೊಲೆಗಳು ಲಡ್ಡಾಗಿದ್ದವು. ಇನ್ನೊಂದು ಮಳೆಗಾಲ ತಡೆಯೋದಿಲ್ಲ ಎಂದು ಕುಣಿಗಲ್ಲಿನ ಗಾರೆ ಕೆಲಸದವರು ಹೇಳಿಹೋದರು. ಅಲ್ಲಿ ಓದಿದ ನಾವೇ ಕೆಲವರು ಸೇರಿ ಟ್ರಸ್ಟ್ ಮಾಡಿಕೊಂಡೆವು. ಹಳೇ ಕಟ್ಟಡಗಳ ರಿಪೇರಿಗೆ ಅನುದಾನ ಕೊಡುವ ಸಂಸ್ಥೆಯೊಂದಕ್ಕೆ ತುಮಕೂರಿನ ನನ್ನ ಬಾಡಿಗೆ ಮನೆಯಿಂದ ಅರ್ಜಿ ಹಾಕಿದೆ. ಬಿರುಕು, ಸೋರಿಕೆ, ಗೆದ್ದಲು, ಎಲ್ಲದರ ಫೋಟೋ ಕಳಿಸಿದೆ. ಕೊನೆಗೆ ಅವರ ಇಂಜಿನಿಯರ್ ನೋಡಲು ಬರುತ್ತಾರೆಂದು ಫೋನ್ ಬಂತು. ದೊಡ್ಡಮ್ಮನಿಗೆ ತಿಳಿಸಿ, ಬೀಗ ತೆಗೆದಿಟ್ಟಿರು ಎಂದೆ. ಅಷ್ಟೇ ಹೇಳಿದ್ದು.

ಆ ದಿನ ಇಂಜಿನಿಯರ್ ಜೊತೆ ಛತ್ರದ ಮುಂದೆ ಇಳಿದವಳು ಹಾಗೇ ನಿಂತೆ. ಬಾಗಿಲಿಗೆ ಮಾವಿನ ತೋರಣ. ಒಳಗೆ ಗೋಡೆಗಳು ಹೊಸ ಸುಣ್ಣದಲ್ಲಿ ಕಣ್ಣು ಕುಕ್ಕುತ್ತಿದ್ದವು. ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿತ್ತು. ಗೆದ್ದಲು ತಿಂದ ತೊಲೆಗಳಿಗೂ ಬಣ್ಣ ಬಿದ್ದಿತ್ತು. ಕೇರಿಯ ಹೆಂಗಸರನ್ನೆಲ್ಲ ಸೇರಿಸಿ ದೊಡ್ಡಮ್ಮ ಹಬ್ಬಕ್ಕೆ ದುಡಿದ ಹಾಗೆ ದುಡಿಸಿದ್ದಳು.

ಇಂಜಿನಿಯರ್ ನನ್ನ ಫೋಟೋಗಳನ್ನೂ ಗೋಡೆಯನ್ನೂ ನೋಡಿದರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. "ರಿಪೇರಿ ಆಗೋಗಿದ್ಯಲ್ಲ ಮೇಡಂ. ಆಗಿರೋ ಕೆಲಸಕ್ಕೆ ನಮ್ಮಲ್ಲಿ ಅನುದಾನ ಬರಲ್ಲ."

ಅಷ್ಟು ಹೊತ್ತಿಗೆ ಪಾನಕ ಹಿಡಿದು ಬಂದ ದೊಡ್ಡಮ್ಮ, ಏನಂತೆ ಎಂದು ಕೇಳಿದಳು. ಹೇಳಿದೆ. ಅವಳ ಮುಖ ಸಣ್ಣದಾಯಿತು.

"ನೀನೇ ಅಲ್ವೇನವ್ವ, ದೊಡ್ಡೋರು ಬತ್ತಾರೆ ಅಂದಿದ್ದು? ನೆಂಟ್ರು ಬರೋ ದಿನ ಮನೆ ಹರುಕ್ಲು ತೋರ್ಸ್ತಾರಾ ಯಾರಾದ್ರೂ?"

ಬೈಯಲು ನನ್ನಿಂದ ಆಗಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಿ ಎಂದು ಅಪ್ಪನನ್ನು ಕೇಳಲು ಮೇಷ್ಟ್ರು ಬಂದ ದಿನವೂ ಇವಳೇ ನಮ್ಮ ಗೋಡೆ ಸಾರಿಸಿ, ಯಾರದೋ ಮನೆಯಿಂದ ಕುರ್ಚಿ ತಂದು ಹಾಕಿದ್ದಳು. ಅಷ್ಟು ಮರ್ಯಾದೆಯಿಂದ ಕೂರಿಸಿದವರಿಗೆ ಅಪ್ಪ ಆಗಲ್ಲ ಎನ್ನಲಾರದೆ ಹೋದ. ನನ್ನ ಡಿಗ್ರಿ ಶುರುವಾದದ್ದೇ ಆ ಕುರ್ಚಿಯಿಂದ.

ದೊಡ್ಡಮ್ಮ ಪಾನಕ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಒಂದು ಕುರ್ಚಿ ಎಳೆದಳು. "ಸಾರ್, ಒಂದ್ಗಳಿಗೆ ಕೂತ್ಕಳಿ. ಅಲ್ಲಲ್ಲ, ಈ ಕಡೀಕೆ." ಹೆಂಗಸರನ್ನು ಕೂಗಿ, ಬಿಂದಿಗೆಗಳಲ್ಲಿ ನೀರು ಹೊರಿಸಿಕೊಂಡು ಮಾಳಿಗೆ ಹತ್ತಿದಳು. ಮೇಲೆ ನೀರು ಸುರಿದ ಸದ್ದು ಕೇಳಿತು. ಕೆಳಗೆ ಏನೂ ಆಗಲಿಲ್ಲ. ಯಾವತ್ತೂ ಸೋರುವ ಮಾಳಿಗೆ ಇವತ್ತೇ ಕೈಕೊಟ್ಟಿತೇ ಎಂದು ತಲೆ ಎತ್ತಿ ತೊಲೆಗಳನ್ನೇ ನೋಡಿದೆ.

ಆಮೇಲೆ ಇಂಜಿನಿಯರ್ ಹೆಗಲ ಮೇಲೆ ಒಂದು ಹನಿ ಬಿತ್ತು. ಅವರು ಕುರ್ಚಿ ಸರಿಸಿದರು. ಅಲ್ಲೂ ಬಿತ್ತು. ನೋಡನೋಡುತ್ತ ಬಿಳೀ ಗೋಡೆಯ ಮೇಲೆ ಕೆಮ್ಮಣ್ಣಿನ ನೀರು ಗೆರೆಗೆರೆಯಾಗಿ ಇಳಿಯಿತು, ಮೆತ್ತಿದ ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರಿತು. ಅವರು ಎದ್ದು, ಕಾರಿನ ಕೀಯನ್ನು ಬಣ್ಣ ಬಳಿದ ತೊಲೆಗೆ ಒತ್ತಿದರು. ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು.

ಮೇಲಿನಿಂದ ದೊಡ್ಡಮ್ಮನ ದನಿ: "ಸಾಕಾ ಸಾರ್, ಇನ್ನೂ ಹುಯ್ಸನಾ?"

"ಸಾಕಮ್ಮ, ಇಳೀರಿ. ಅದು ಬಿದ್ದೋದಾತು," ಎಂದರು ಅವರು, ನಗು ತಡೆಯಲಾರದೆ.

ಅನುದಾನ ಮಳೆಗೆ ಮುಂಚೆಯೇ ಬಂತು. ಹಳೇ ಗಾರೆ ಗೋಡೆಗೆ ಸಿಮೆಂಟು ಕೂಡದು, ಪೂರ್ತಿ ಕೆರೆದು ತೆಗೆಯಬೇಕೆಂಬ ಷರತ್ತಿತ್ತು. ಮೆತ್ತಿದ ಹೆಂಗಸರೇ ಗೊಣಗುತ್ತ ಕೆರೆದರು. ತೊಲೆ ಬದಲಾಯಿತು, ಕುಣಿಗಲ್ಲಿನವರು ಹೊಸ ಗಾರೆ ಹಾಕಿದರು. ಮುಗಿದ ಕೆಲಸ ನೋಡಲು ಅದೇ ಇಂಜಿನಿಯರ್ ಬರುತ್ತಾರೆಂದು ದೊಡ್ಡಮ್ಮನಿಗೆ ಫೋನ್ ಮಾಡಿ ತಿಳಿಸಿದೆ.

"ಈ ಸಲನಾದ್ರೂ ಸುಣ್ಣ ಬಳೀಬೋದಾ ಅಂತ ಕೇಳ್ಬುಡು ಮಗಾ," ಎಂದಳು. "ಬರಿ ಗೋಡೆ ಮುಂದೆ ಆವಪ್ಪನ್ನ ಹೆಂಗೆ ಕೂರ್ಸನ?"